ಕೂಸಿಗೆ ದಿನಾ ನೀರೆರೆಯಬೇಕೇ? - ಒಂದು ಹಳೇ ಪ್ರಶ್ನೆಯ ಚರಿತ್ರೆ

ಎಳೆಕೂಸು ಇರುವ ಮನೆಯಲ್ಲಿ ಒಂದು ಪ್ರಶ್ನೆ ಯಾವತ್ತೂ ಹಳತಾಗುವುದಿಲ್ಲ. ಮಗುವಿಗೆ ದಿನಾ ನೀರು ಹಾಕಬೇಕಾ, ಬೇಡವಾ? ಅಜ್ಜಿಯನ್ನು ಕೇಳಿದರೆ "ದಿನಾ ಎರೆಯದಿದ್ದರೆ ಮಗು ನಿದ್ದೆ ಮಾಡುತ್ತಾ? ಮೈ ಗಟ್ಟಿಯಾಗುತ್ತಾ?" ಅಂತಾರೆ. ಡಾಕ್ಟರನ್ನು ಕೇಳಿದರೆ "ವಾರಕ್ಕೆ ಎರಡು ಮೂರು ಸಲ ಸಾಕಮ್ಮಾ" ಅಂತಾರೆ. ಅದರಲ್ಲೂ ಮಗುವಿನ ಚರ್ಮ ಸೂಕ್ಷ್ಮವಾಗಿದ್ದು, ಕೆನ್ನೆ ಕೆಂಪಾಗಿ ಒರಟಾಗಿ, ಮೈಮೇಲೆ ಅಲ್ಲಲ್ಲಿ ಪೊರೆ ಏಳುತ್ತಿದ್ದರಂತೂ ಮುಗಿಯಿತು. ನೀರು ಹಾಕಿದ್ದೇ ಹೆಚ್ಚಾಯಿತು ಅಂತ ಒಬ್ಬರು, ನೀರು ಹಾಕದೇ ಇದ್ದದ್ದರಿಂದಲೇ ಹೀಗಾಯಿತು ಅಂತ ಇನ್ನೊಬ್ಬರು. ನಡುವೆ ಸಿಕ್ಕಿಕೊಳ್ಳುವವಳು ಬಾಣಂತಿ.

ನಾನು ಡಾಕ್ಟರಲ್ಲ. ಹಳೇ ಪುಸ್ತಕ, ಹಳೇ ಪದ್ಧತಿ ಇವುಗಳ ಬೆನ್ನು ಹತ್ತುವುದು ನನಗೊಂದು ಚಾಳಿ, ಅಷ್ಟೆ. ಈ ಜಗಳ ಎಲ್ಲಿಂದ ಶುರುವಾಯಿತು ಅಂತ ಹುಡುಕುತ್ತಾ ಹೋದಾಗ ಒಂದು ವಿಷಯ ಮಜವಾಗಿ ಕಂಡಿತು. "ಎಷ್ಟು ಸಲ" ಅನ್ನುವ ಪ್ರಶ್ನೆಗೆ ಪ್ರತಿಯೊಂದು ಕಾಲವೂ ತುಂಬಾ ಖಚಿತವಾಗಿ ಉತ್ತರ ಕೊಟ್ಟಿದೆ. ಆದರೆ ಆ ಉತ್ತರ ಬಂದದ್ದು ಮಗುವಿನ ಚರ್ಮ ನೋಡಿ ಅಲ್ಲ, ಆ ಕಾಲಕ್ಕೆ ಯಾವುದರ ಭಯ ಇತ್ತೋ ಅದನ್ನು ನೋಡಿ. ಅದೇ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಬಚ್ಚಲಮನೆಯಿಂದಲೇ ಶುರು ಮಾಡೋಣ.

ನಮ್ಮ ಕಡೆ ಮಗುವಿಗೆ "ಸ್ನಾನ ಮಾಡಿಸೋದು" ಅನ್ನುವುದಕ್ಕಿಂತ "ಎರೆಯೋದು" ಅನ್ನುವುದೇ ರೂಢಿ. ಅದು ಬರೀ ಸ್ನಾನ ಅಲ್ಲ. ಹಿರಿಯ ಹೆಂಗಸೊಬ್ಬರು ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಎಣ್ಣೆ ಹಚ್ಚಿ ಕೈಕಾಲು ನೀವಿ, ಹಂಡೆಯಲ್ಲಿ ಕಾದ ನೀರನ್ನು ತಂಬಿಗೆಯಲ್ಲಿ ಮೊಗೆದು ಸುರಿಯುತ್ತಾರೆ. ಎಣ್ಣೆಜಿಡ್ಡು ತೆಗೆಯಲು ಕಡಲೆಹಿಟ್ಟೋ ಹೆಸರುಹಿಟ್ಟೋ ಸೀಗೆಪುಡಿಯೋ. ಆಮೇಲೆ ಹಳೇ ಹತ್ತಿಸೀರೆಯಲ್ಲಿ ಒರೆಸಿ, ಸಾಂಬ್ರಾಣಿ ಹೊಗೆ ಹಾಕಿ, ದೃಷ್ಟಿಬೊಟ್ಟಿಟ್ಟು ಮಲಗಿಸಿದರೆ ಕೂಸು ಎರಡು ಮೂರು ಗಂಟೆ ಮಿಸುಕುವುದಿಲ್ಲ. ಎಣ್ಣೆ ಮಾತ್ರ ಊರಿಗೊಂದು. ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ, ಹಳೇ ಮೈಸೂರಿನ ಕಡೆ ಹರಳೆಣ್ಣೆ, ಕೆಲವು ಮನೆಗಳಲ್ಲಿ ಎಳ್ಳೆಣ್ಣೆ. ನೆಲದಲ್ಲಿ ಏನು ಬೆಳೆಯುತ್ತಿತ್ತೋ ಅದು ಮಗುವಿನ ಮೈಗೆ.

ಗಮನಿಸಿ, ಇಲ್ಲಿ ಕೊಳೆ ತೆಗೆಯುವುದು ಮುಖ್ಯ ಉದ್ದೇಶವೇ ಅಲ್ಲ. ಹಾಲು ಕುಡಿದು ಮಲಗಿರುವ ಕೂಸಿಗೆ ಎಷ್ಟು ಕೊಳೆ ಇರಲು ಸಾಧ್ಯ? ಎಣ್ಣೆ, ಕಾವು, ನೀವುವುದು, ನಿದ್ದೆ ಇವೇ ಅದರ ತಿರುಳು. ಮಗು ಮಲಗಿದ ಆ ಹೊತ್ತಿನಲ್ಲೇ ಬಾಣಂತಿಗೂ ನೀರು, ಊಟ, ನಿದ್ದೆ. ಹಾಗಾಗಿ "ದಿನಾ ಎರೆಯಬೇಕು" ಅನ್ನುವ ಅಜ್ಜಿಯ ಮಾತಿನಲ್ಲಿ ಮಗುವಿನ ಆರೈಕೆ ಎಷ್ಟಿದೆಯೋ ತಾಯಿಯ ಆರೈಕೆಯೂ ಅಷ್ಟೇ ಇದೆ. ಇದು ಡಾಕ್ಟರ ಚೀಟಿಯಲ್ಲಿ ಕಾಣಿಸುವುದಿಲ್ಲ.

ನಮ್ಮ ಹಳೇ ವೈದ್ಯಗ್ರಂಥಗಳೂ ಇದರ ಬಗ್ಗೆ ಮಾತಾಡಿವೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಉತ್ತರಸ್ಥಾನ ಶುರುವಾಗುವುದೇ ಮಗುವಿನ ಆರೈಕೆಯ ಅಧ್ಯಾಯದಿಂದ. ಹುಟ್ಟಿದ ತಕ್ಷಣ ಮೈಗೆ ಅಂಟಿದ ಲೋಳೆಯನ್ನು ಸೈಂಧವ ಉಪ್ಪು ಮತ್ತು ತುಪ್ಪದಿಂದ ತೆಗೆಯಬೇಕು, ಆಮೇಲೆ ಬಲಾತೈಲ ಸುರಿಯಬೇಕು ಅನ್ನುತ್ತಾನೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲೂ ಎಣ್ಣೆ ಹಚ್ಚಿ ಮೀಯಿಸುವ ಮಾತಿದೆ. ಹಾಲು ಬರುವ ಮರಗಳ ತೊಗಟೆಯ ಕಷಾಯ, ಅಥವಾ ಕಾಯಿಸಿದ ಬೆಳ್ಳಿ, ಚಿನ್ನ ಅದ್ದಿದ ನೀರು ಬಳಸಬಹುದಂತೆ. ಚಿನ್ನದ ನೀರು ಎಷ್ಟು ಮನೆಯಲ್ಲಿತ್ತೋ ಗೊತ್ತಿಲ್ಲ ಬಿಡಿ :)

ಈಗ ತಮಾಷೆ ನೋಡಿ. ಕ್ರಿಸ್ತಶಕ 2ನೇ ಶತಮಾನದ ಸುಮಾರಿಗೆ ರೋಮ್ ನಗರದಲ್ಲಿ ಸೊರೇನಸ್ ಅನ್ನುವ ಗ್ರೀಕ್ ವೈದ್ಯ ಇದ್ದ. ಹೆರಿಗೆ ಮತ್ತು ಕೂಸಿನ ಆರೈಕೆಯ ಬಗ್ಗೆ ದೊಡ್ಡ ಪುಸ್ತಕ ಬರೆದವನು. ಅವನೂ ಹೇಳುವುದು ಅದನ್ನೇ, ಹುಟ್ಟಿದ ಮಗುವಿನ ಮೈಗೆ ನುಣ್ಣನೆ ಉಪ್ಪು ಉದುರಿಸಿ ತೊಳೆಯಿರಿ ಅಂತ. ಕೂಸನ್ನು ತಣ್ಣೀರಲ್ಲಿ ಮುಳುಗಿಸುವ ಜರ್ಮನ್ ಮತ್ತು ಸಿಥಿಯನ್ ಜನರನ್ನು ಚೆನ್ನಾಗಿ ಬೈಯುತ್ತಾನೆ ಕೂಡ. ಬೈಬಲ್ಲಿನ ಹಳೆ ಒಡಂಬಡಿಕೆಯಲ್ಲೂ ಹುಟ್ಟಿದ ಕೂಸಿಗೆ ಉಪ್ಪು ಸವರುವ ಪದ್ಧತಿಯ ಉಲ್ಲೇಖ ಇದೆ. ಎಲ್ಲಿಯ ರೋಮ್, ಎಲ್ಲಿಯ ವಾಗ್ಭಟ! ಆದರೆ ಎಲ್ಲರಿಗೂ ಒಂದೇ ಆತಂಕ. ಕೂಸಿನ ಮೈಮೇಲಿನ ಆ ಬಿಳಿ ಲೋಳೆ ಹೊಲಸು, ಅದನ್ನು ಬೇಗ ತೆಗೆಯಬೇಕು.

ಆ ಬಿಳಿ ಲೋಳೆ ಹೊಲಸಲ್ಲ ಅನ್ನುವುದು ಈಗ ಗೊತ್ತಾಗಿದೆ. ಗರ್ಭದ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಯುವ ಚರ್ಮವನ್ನು ಕಾಯುವ ಮುಲಾಮು ಅದು. ನೀರು, ಕೊಬ್ಬು, ಸೋಂಕು ತಡೆಯುವ ಪ್ರೋಟೀನುಗಳು ಎಲ್ಲಾ ಅದರಲ್ಲಿವೆ. ಅದನ್ನು ಉಜ್ಜಿ ತೆಗೆಯಬಾರದು ಅನ್ನುತ್ತಾರೆ. ಮೊದಲ ಸ್ನಾನವನ್ನು 24 ಗಂಟೆ ತಡಮಾಡಿ, ಪದ್ಧತಿಯ ಕಾರಣಕ್ಕೆ ಅಷ್ಟು ಕಾಯಲು ಆಗದಿದ್ದರೆ ಕನಿಷ್ಠ 6 ಗಂಟೆಯಾದರೂ ಕಾಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು. ಮುಖ್ಯ ಕಾರಣ ಮೈ ತಣ್ಣಗಾಗುವ ಅಪಾಯ. ಈ ಒಂದು ವಿಷಯದಲ್ಲಿ ವಾಗ್ಭಟ, ಸೊರೇನಸ್, ನಮ್ಮ ಸೂಲಗಿತ್ತಿಯರು ಮೂವರೂ ಒಂದು ಕಡೆ, ಇವತ್ತಿನ ತಿಳುವಳಿಕೆ ಇನ್ನೊಂದು ಕಡೆ.

ಇನ್ನು ಯುರೋಪಿನ ಕಥೆ. ಒಂದು ಕಾಲದಲ್ಲಿ ಅಲ್ಲಿಯ ಜನಕ್ಕೆ ನೀರೇ ಭಯ. ಬಿಸಿನೀರು ಮೈಯ ರಂಧ್ರಗಳನ್ನು ತೆರೆಯುತ್ತದೆ, ಅದರಿಂದ ಪ್ಲೇಗಿನಂಥ ರೋಗದ ಕೆಟ್ಟ ಗಾಳಿ ಒಳಗೆ ನುಗ್ಗುತ್ತದೆ ಅಂತ 16, 17ನೇ ಶತಮಾನದ ವೈದ್ಯರು ನಂಬಿದ್ದರು. ಫ್ರಾನ್ಸಿನ ರಾಜ 13ನೇ ಲೂಯಿ ಹುಟ್ಟಿದ್ದು 1601ರಲ್ಲಿ. ಅವನ ಬಾಲ್ಯವನ್ನು ಅರಮನೆಯ ವೈದ್ಯ ಎರುವಾರ್ ದಿನಚರಿಯಾಗಿ ಬರೆದಿಟ್ಟಿದ್ದಾನೆ. ಅದರ ಪ್ರಕಾರ ಆ ಹುಡುಗ ತೊಟ್ಟಿಯಲ್ಲಿ ಕೂತು ಸರಿಯಾಗಿ ಸ್ನಾನ ಮಾಡಿದ್ದು 1608ರಲ್ಲಿ, ಹೆಚ್ಚೂ ಕಡಿಮೆ ಏಳು ವರ್ಷ ತುಂಬುವಾಗ! ನಮ್ಮ ಅಜ್ಜಿಯಂದಿರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ಆಮೇಲೆ ಗಾಳಿ ತಿರುಗಿತು. ತತ್ವಜ್ಞಾನಿ ಜಾನ್ ಲಾಕ್ ವೈದ್ಯನೂ ಆಗಿದ್ದ. 1693ರಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ ಬರೆದ ಪುಸ್ತಕದಲ್ಲಿ, ಮಗುವಿನ ಕಾಲನ್ನು ದಿನಾ ತಣ್ಣೀರಿನಲ್ಲಿ ತೊಳೆಯಿರಿ, ನೀರು ಒಳಬರುವಷ್ಟು ತೆಳು ಚಪ್ಪಲಿ ಹಾಕಿಸಿ ಅಂದ. ಈಗ ನೀರಿನ ಭಯ ಹೋಗಿ, ಮಗು ಮೆತ್ತಗೆ ಬೆಳೆದುಬಿಟ್ಟೀತು ಅನ್ನುವ ಭಯ ಬಂದಿತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ರೋಗಾಣು ಪತ್ತೆಯಾದವು. ಸೋಪು ಅಗ್ಗವಾಯಿತು. ಅಮೆರಿಕದ ಲೂಥರ್ ಎಮೆಟ್ ಹೋಲ್ಟ್ ಅನ್ನುವ ಮಕ್ಕಳ ವೈದ್ಯ 1894ರಲ್ಲಿ ತಾಯಂದಿರಿಗೂ ದಾದಿಯರಿಗೂ ಪ್ರಶ್ನೋತ್ತರದ ರೂಪದಲ್ಲಿ ಒಂದು ಕೈಪಿಡಿ ಬರೆದ. ಸ್ನಾನ, ಹಾಲು, ನಿದ್ದೆ ಎಲ್ಲಕ್ಕೂ ಅದರಲ್ಲಿ ಲೆಕ್ಕ. ಜಾನ್ಸನ್ ಕಂಪನಿಯ ಮಕ್ಕಳ ಪೌಡರ್ ಮಾರುಕಟ್ಟೆಗೆ ಬಂದದ್ದೂ ಅದೇ 1890ರ ದಶಕದಲ್ಲಿ. ಲಿವರ್ ಕಂಪನಿಯ ಸನ್‌ಲೈಟ್ ಸೋಪು 1888ರಲ್ಲೇ ಕಲ್ಕತ್ತಾ ಬಂದರಿಗೆ ಇಳಿದಿತ್ತು. 1910ರ ದಶಕದಲ್ಲಿ ನಮ್ಮ ಮೈಸೂರು ಸಂಸ್ಥಾನವೇ ಗಂಧದ ಸೋಪು ಮಾಡಲು ಶುರು ಮಾಡಿತು. ಹೀಗೆ ಸೀಗೆಪುಡಿ ಇದ್ದ ಜಾಗದಲ್ಲಿ ಮೆಲ್ಲಗೆ ಸೋಪು ಬಂದು ಕೂತಿತು. ಎರೆಯುವ ಪದ್ಧತಿ ಹಾಗೇ ಉಳಿಯಿತು, ಕೈಗೆ ಬಂದ ವಸ್ತು ಬದಲಾಯಿತು. ಈ ಸಣ್ಣ ಬದಲಾವಣೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೋಗಾಣುವಿನ ಭಯ ತುತ್ತತುದಿ ಮುಟ್ಟಿದ್ದು 1950-60ರ ದಶಕಗಳಲ್ಲಿ. ಆಗ ಪಾಶ್ಚಾತ್ಯ ದೇಶಗಳ ಹೆರಿಗೆ ಆಸ್ಪತ್ರೆಗಳಲ್ಲಿ ಕೂಸುಗಳನ್ನೆಲ್ಲಾ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಸ್ಟೆಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಒಂದು ಕೂಸಿನಿಂದ ಇನ್ನೊಂದಕ್ಕೆ ಹರಡಿ ಚರ್ಮದಲ್ಲಿ ಕೀವು, ಕೆಲವೊಮ್ಮೆ ಸಾವು. ಇದಕ್ಕೆ ಮದ್ದು ಅಂತ ಸಿಕ್ಕಿದ್ದು ಹೆಕ್ಸಾಕ್ಲೋರೋಫೀನ್ ಎಂಬ ರಾಸಾಯನಿಕ. ನೂರಕ್ಕೆ ಮೂರು ಪಾಲು ಇದು ಇರುವ ದ್ರಾವಣದಲ್ಲಿ ಕೂಸುಗಳಿಗೆ ದಿನಾ ಸ್ನಾನ. ಸೋಂಕು ನಿಜವಾಗಿಯೂ ಕಡಿಮೆಯಾಯಿತು. ಎಲ್ಲರಿಗೂ ಖುಷಿ.

ಆದರೆ ಆ ಮದ್ದು ಚರ್ಮದ ಮೇಲೆ ನಿಲ್ಲುತ್ತಿರಲಿಲ್ಲ. ಮೈಯೊಳಗೆ ಇಳಿಯುತ್ತಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಮಿದುಳಿಗೆ ಹಾನಿ ಮಾಡುವುದು ಕಂಡಿತು. ಕೂಸುಗಳನ್ನು ಇದರಲ್ಲಿ ದಿನಾ ಸ್ನಾನ ಮಾಡಿಸಬೇಡಿ ಅಂತ 1971ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಸಿತು. ನಿಲ್ಲಿಸಿದ ಕೆಲವು ಆಸ್ಪತ್ರೆಗಳಲ್ಲಿ ಸೋಂಕು ಮತ್ತೆ ಏರಿತು, ಗೊಂದಲ ಎದ್ದಿತು. ಅಷ್ಟರಲ್ಲಿ 1972ರಲ್ಲಿ ಫ್ರಾನ್ಸಿನಲ್ಲಿ ಘೋರ ಸಂಗತಿಯೊಂದು ನಡೆಯಿತು. ಮೊರಾಂಜ್ ಅನ್ನುವ ಮಕ್ಕಳ ಪೌಡರಿನ ಒಂದು ತಯಾರಿಕೆಯಲ್ಲಿ ಕಣ್ತಪ್ಪಿ ನೂರಕ್ಕೆ ಆರು ಪಾಲಿಗಿಂತ ಹೆಚ್ಚು ಹೆಕ್ಸಾಕ್ಲೋರೋಫೀನ್ ಸೇರಿಬಿಟ್ಟಿತ್ತು. ಆ ಪೌಡರ್ ಹಾಕಿದ ಮಕ್ಕಳಲ್ಲಿ 36 ಮಕ್ಕಳು ಸತ್ತವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಈ ರಾಸಾಯನಿಕವನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತಾಯಿತು. 1974ರಲ್ಲಿ ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ನವಜಾತ ಶಿಶುಗಳಿಗೆ "ಒಣ ಆರೈಕೆ" ಸಾಕು ಅಂದಿತು. ಅಂದರೆ ಇಡೀ ಮೈ ತೊಳೆಯುವುದು ಬೇಡ, ಬೇಕಾದ ಕಡೆ ಮಾತ್ರ ಒರೆಸಿ ಅಂತ. ಇವತ್ತು ಡಾಕ್ಟರು "ದಿನಾ ಸ್ನಾನ ಬೇಡ" ಅನ್ನುವಾಗ ಅದರ ಹಿಂದೆ ಈ ಮಕ್ಕಳ ಕಥೆಯೂ ಒಂದಿಷ್ಟು ಇದೆ ಅಂತ ನನಗೆ ಅನ್ನಿಸುತ್ತದೆ.

ಇದರಿಂದ ಕಲಿತ ಪಾಠ ದೊಡ್ಡದು. ಕೂಸಿನ ಚರ್ಮ ಗೋಡೆಯಲ್ಲ, ಬಾಗಿಲು. ತೂಕಕ್ಕೆ ಹೋಲಿಸಿದರೆ ಕೂಸಿನ ಮೈಯ ಹರವು ದೊಡ್ಡವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ದಿನ ತುಂಬದೆ ಹುಟ್ಟಿದ ಕೂಸಿನ ಚರ್ಮವಂತೂ ಇನ್ನೂ ತೆಳು. ಅದರ ಮೇಲೆ ಏನು ಹಚ್ಚುತ್ತೀರೋ ಅದರಲ್ಲಿ ಒಂದಿಷ್ಟು ಒಳಗೂ ಹೋಗುತ್ತದೆ.

ಈ ವಿಷಯ ನನಗೆ ಬರೀ ಚರಿತ್ರೆಯಾಗಿ ಉಳಿಯಲಿಲ್ಲ. ನನ್ನ ತಂಗಿಯ ಮಗುವಿಗೆ ಮೂರು ತಿಂಗಳಲ್ಲಿ ಕೆನ್ನೆ, ಹಣೆ ಎಲ್ಲಾ ಕೆಂಪು. ನೀರು ಹಾಕಲು ಬರುತ್ತಿದ್ದ ಅಜ್ಜಿ "ಸರಿಯಾಗಿ ಉಜ್ಜಬೇಕು ಕಣವ್ವಾ" ಅನ್ನುತ್ತಿದ್ದರು. ಅವಳ ಅತ್ತೆ "ನೀನು ಬಾಣಂತನದಲ್ಲಿ ಬದನೆಕಾಯಿ ತಿಂದೆ, ಅದಕ್ಕೇ ನಂಜು" ಅಂದರು. ತಂಗಿ ರಾತ್ರಿಯೆಲ್ಲಾ ಅಳುತ್ತಿದ್ದಳು, ಮಗುವಿನ ಜೊತೆ ತಾನೂ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಎಷ್ಟು ಸಲ ಸ್ನಾನ ಅಂತ ಮೊದಲು ಕೇಳಲೇ ಇಲ್ಲವಂತೆ. ನೀರು ಎಷ್ಟು ಬಿಸಿ, ಸೋಪು ಯಾವುದು, ಉಜ್ಜುವುದು ಯಾವುದರಿಂದ, ಒರೆಸಿದ ಮೇಲೆ ಏನು ಹಚ್ಚುತ್ತೀರಿ ಅಂತ ಕೇಳಿದರಂತೆ. ತಂಗಿ ಇದನ್ನು ಫೋನಿನಲ್ಲಿ ಹೇಳಿದಾಗಲೇ ನನಗೆ ಈ ಹುಡುಕಾಟದ ದಾರಿ ಸ್ಪಷ್ಟವಾದದ್ದು. ಪ್ರಶ್ನೆಯೇ ಬೇರೆ ಇರಬಹುದಲ್ಲ?

ಹೌದು, ಬೇರೆಯೇ. 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಅನ್ನುವ ಇಬ್ಬರು, ಚರ್ಮದ ಮೇಲೆ ತೆಳುವಾದ ಹುಳಿಯ ಹೊದಿಕೆ ಇದೆ ಅಂತ ತೋರಿಸಿದರು. ಹುಟ್ಟಿದಾಗ ಕೂಸಿನ ಮೈಯಲ್ಲಿ ಈ ಹುಳಿ ಕಡಿಮೆ, ವಾರಗಳು ಕಳೆದಂತೆ ಬೆಳೆಯುತ್ತದೆ. ಮಾಮೂಲಿ ಸೋಪು ಕ್ಷಾರ, ಅದಕ್ಕೆ ತದ್ವಿರುದ್ಧ. ಅಟೋಪಿಕ್ ಡರ್ಮಟೈಟಿಸ್ ಅಂತ ಈಗ ಕರೆಯುವ ಇಸುಬಿಗೆ ಆ ಹೆಸರು ಬಂದದ್ದು 1933ರಲ್ಲಿ. ಕಾರಣದ ಒಂದು ದೊಡ್ಡ ಎಳೆ ಸಿಕ್ಕಿದ್ದು 2006ರಲ್ಲಿ. ಫಿಲಾಗ್ರಿನ್ ಅನ್ನುವ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಇಸುಬು ಬರುವ ಸಾಧ್ಯತೆ ಜಾಸ್ತಿ ಅಂತ ಸ್ಕಾಟ್ಲೆಂಡಿನ ಡಂಡೀಯಲ್ಲಿದ್ದ ಇರ್ವಿನ್ ಮೆಕ್ಲೀನ್ ಮತ್ತು ಜೊತೆಗಾರರು ಕಂಡುಹಿಡಿದರು. ಚರ್ಮ ನೀರು ಹಿಡಿದಿಟ್ಟುಕೊಳ್ಳಲು ಬೇಕಾದ ಪ್ರೋಟೀನ್ ಅದು. ಅಂದರೆ ಕೆಲವು ಮಕ್ಕಳ ಚರ್ಮ ಹುಟ್ಟಿನಿಂದಲೇ ಗಾರೆ ಉದುರಿದ ಇಟ್ಟಿಗೆ ಗೋಡೆಯ ಹಾಗೆ. ಒಳಗಿನ ನೀರು ಸೋರುತ್ತದೆ, ಹೊರಗಿನದು ನುಗ್ಗುತ್ತದೆ. ಬದನೆಕಾಯಿಯದಲ್ಲ ತಪ್ಪು, ಬಾಣಂತಿಯದಂತೂ ಅಲ್ಲವೇ ಅಲ್ಲ.

ಹಾಗಾದರೆ ಎಷ್ಟು ಸಲ? 2020ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಇಸುಬು ಜೋರಾಗಿದ್ದ 42 ಮಕ್ಕಳಿಗೆ ಎರಡೂ ಬಗೆ ಮಾಡಿ ನೋಡಿದರು. ದಿನಕ್ಕೆರಡು ಸಲ ನೆನೆಸಿ ತಕ್ಷಣ ಮುಲಾಮು ಹಚ್ಚಿದ್ದು, ವಾರಕ್ಕೆರಡು ಸಲದ ಸ್ನಾನಕ್ಕಿಂತ ಒಳ್ಳೆಯ ಫಲ ಕೊಟ್ಟಿತು. 2025ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇಸುಬಿದ್ದ 438 ಜನ ಮಕ್ಕಳು, ದೊಡ್ಡವರನ್ನು ಸೇರಿಸಿ, ದಿನಾ ಸ್ನಾನಕ್ಕೂ ವಾರಕ್ಕೆ ಒಂದೆರಡು ಸಲದ ಸ್ನಾನಕ್ಕೂ ಹೋಲಿಸಿದರು. ವ್ಯತ್ಯಾಸವೇ ಕಾಣಲಿಲ್ಲ. ಸ್ನಾನದ ನೀರಿಗೇ ಎಣ್ಣೆಯಂಥದ್ದನ್ನು ಬೆರೆಸಿದರೆ? 2018ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ 483 ಮಕ್ಕಳಲ್ಲಿ ನೋಡಿದರು, ಗಮನಾರ್ಹ ಪ್ರಯೋಜನ ಇಲ್ಲ. ನಾರ್ವೆ, ಸ್ವೀಡನ್ನಿನ ಸುಮಾರು 2400 ಕೂಸುಗಳ ಮೇಲಿನ ಇನ್ನೊಂದು ಅಧ್ಯಯನದಲ್ಲಿ (2020) ಇಂಥ ಸ್ನಾನದಿಂದ ಇಸುಬು ಬರುವುದನ್ನು ತಡೆಯಲೂ ಆಗಲಿಲ್ಲ.

ಅಂದರೆ ಅಜ್ಜಿ ಮತ್ತು ಡಾಕ್ಟರು ಜಗಳವಾಡುತ್ತಿದ್ದ ಸಂಖ್ಯೆಗೆ ನಾವು ಅಂದುಕೊಂಡಷ್ಟು ತೂಕವೇ ಇಲ್ಲ! ತೂಕ ಇರುವುದು ಆ ಸ್ನಾನದ ರೀತಿಗೆ. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷ, ಘಾಟಿಲ್ಲದ ಸೌಮ್ಯ ಸೋಪು ಬೇಕಾದ ಕಡೆ ಮಾತ್ರ, ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ಹಸಿ ಇರುವಾಗಲೇ ಮುಲಾಮು. ಹಾಗೆ ಮಾಡಿದರೆ ದಿನಾ ಆದರೂ ಸರಿ, ದಿನ ಬಿಟ್ಟು ದಿನ ಆದರೂ ಸರಿ. ಸ್ನಾನ ಮಾಡಿಸಿ ಏನೂ ಹಚ್ಚದೆ ಬಿಟ್ಟರೆ ಮಾತ್ರ ಚರ್ಮ ಇನ್ನಷ್ಟು ಒಣಗುತ್ತದೆ.

ಈಗ ನಮ್ಮ ಎರೆಯುವ ಪದ್ಧತಿಯನ್ನು ಮತ್ತೊಮ್ಮೆ ನೋಡೋಣ. ಎಣ್ಣೆ ಹಚ್ಚುವುದು ಮೂಢನಂಬಿಕೆ ಅಂತ ತಳ್ಳಿಹಾಕುವವರು ಬಾಂಗ್ಲಾದೇಶದ ಕಥೆ ಕೇಳಬೇಕು. ಢಾಕಾದ ಶಿಶು ಆಸ್ಪತ್ರೆಯಲ್ಲಿ ದಿನ ತುಂಬದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ರಕ್ತಕ್ಕೆ ಇಳಿಯುವ ಸೋಂಕಿನ ಅಪಾಯ 41 ಶೇಕಡಾ ಕಡಿಮೆಯಾಯಿತು ಅಂತ 2005ರಲ್ಲಿ ವರದಿಯಾಯಿತು. ಹಾಗಂತ ಎಲ್ಲಾ ಎಣ್ಣೆಯೂ ಒಂದೇ ಅಲ್ಲ. ಸಾಸಿವೆ ಎಣ್ಣೆ ಚರ್ಮದ ತಡೆಗೋಡೆಗೆ ಹಾನಿ ಮಾಡುವುದು ಇಲಿಗಳ ಪ್ರಯೋಗದಲ್ಲಿ ಕಂಡಿದೆ, ಆಲಿವ್ ಎಣ್ಣೆಯ ಮೇಲೂ ದೂರುಗಳಿವೆ. ಕೊಬ್ಬರಿ ಎಣ್ಣೆ ಇಸುಬಿನ ಮಕ್ಕಳಿಗೆ ಮಿನರಲ್ ಎಣ್ಣೆಗಿಂತ ಒಳ್ಳೆಯದಾಗಿ ಕಂಡದ್ದು 2014ರ ಫಿಲಿಪ್ಪೀನ್ಸ್ ಅಧ್ಯಯನದಲ್ಲಿ. ಕರಾವಳಿಯವರು ಖುಷಿಪಡಬಹುದು :)

ಕಷ್ಟ ಇರುವುದು ಉಳಿದ ಭಾಗದಲ್ಲಿ. ಹಚ್ಚಿದ ಎಣ್ಣೆಯನ್ನೆಲ್ಲಾ ಸುಡುನೀರು, ಹಿಟ್ಟು ಹಾಕಿ ತಿಕ್ಕಿ ತೆಗೆದುಬಿಟ್ಟರೆ ಉಳಿಯುವುದೇನು? ಒಡೆದ ಚರ್ಮಕ್ಕೆ ಹಿಟ್ಟು ಉಜ್ಜುವುದು ಗಾಯಕ್ಕೆ ಮರಳು ತಿಕ್ಕಿದ ಹಾಗೆ. ಇನ್ನೊಂದು ಮಾತೂ ಇದೆ. ಕಡಲೆಕಾಯಿ ಎಣ್ಣೆ ಸೇರಿದ ಮುಲಾಮು ಬಳಸಿದ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಹೆಚ್ಚು ಕಂಡುಬಂತು ಅಂತ 2003ರಲ್ಲಿ ಬ್ರಿಟನ್ನಿನ ಗಿಡಿಯನ್ ಲ್ಯಾಕ್ ತಂಡ ಬರೆಯಿತು. ತಿನ್ನುವ ವಸ್ತು ಒಡೆದ ಚರ್ಮದ ಮೂಲಕ ಒಳಹೋದರೆ ಮೈ ಅದನ್ನು ಶತ್ರು ಅಂದುಕೊಳ್ಳಬಹುದು. ಹಾಗಾಗಿ ಕೆಂಪೆದ್ದ ಚರ್ಮಕ್ಕೆ ಅಡಿಗೆಮನೆಯ ಹಿಟ್ಟು ದೂರವೇ ಇರಲಿ. ಸಾಂಬ್ರಾಣಿ ಹೊಗೆಯೂ ಕೂಸಿನ ಉಸಿರಿಗೆ ಒಳ್ಳೆಯದಲ್ಲ.

ನೀರೂ ಬದಲಾಗಿದೆ. ಕೆರೆ, ಬಾವಿಯ ನೀರಿನ ಜಾಗಕ್ಕೆ ಎಷ್ಟೋ ಊರುಗಳಲ್ಲಿ ಬೋರ್‌ವೆಲ್ಲಿನ ಗಡಸುನೀರು ಬಂದಿದೆ. ಗಡಸುನೀರಿರುವ ಕಡೆ ಕೂಸುಗಳಲ್ಲಿ ಇಸುಬು ಹೆಚ್ಚು ಅಂತ 2016ರ ಬ್ರಿಟಿಷ್ ಅಧ್ಯಯನವೊಂದು ಹೇಳಿತು. ಗಡಸುನೀರಿನಲ್ಲಿ ಸೋಪು ಪೂರ್ತಿ ತೊಳೆದುಹೋಗದೆ ಮೈಮೇಲೆ ಅಂಟಿಕೊಳ್ಳುತ್ತದೆ. ಮೊದಲೇ ಹೇಳಿದ ಸಣ್ಣ ಬದಲಾವಣೆ ನೆನಪಿದೆಯಾ? ಮುತ್ತಜ್ಜಿಯ ಕಾಲದಲ್ಲಿ ಸೋಪು ಇಲ್ಲದ ದಿನನಿತ್ಯದ ಸ್ನಾನ ಮಾಡಿದ ಕೆಲಸವೇ ಬೇರೆ, ಇವತ್ತು ಬೋರ್‌ವೆಲ್ ನೀರು, ಗೀಜರ್, ಘಮಘಮ ಸೋಪಿನ ದಿನನಿತ್ಯದ ಸ್ನಾನ ಮಾಡುವ ಕೆಲಸವೇ ಬೇರೆ. ಹೆಸರು ಒಂದೇ, ಅಷ್ಟೆ. "ನಾವೆಲ್ಲಾ ದಿನಾ ಎರೆಸಿಕೊಂಡೇ ಬೆಳೆದಿಲ್ವಾ?" ಅನ್ನುವ ವಾದದಲ್ಲಿ ತಪ್ಪಿಹೋಗುವುದು ಇದೇ. ಮಗುವಿಗೆ ಕೀವು, ಜ್ವರ, ನಿದ್ದೆಗೆಡಿಸುವ ತುರಿಕೆ ಇದ್ದರೆ ಚರಿತ್ರೆ ಓದುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.

ಕೊನೆಯದಾಗಿ ಒಂದು ಕೊರಗು. ವಾಗ್ಭಟ ಬರೆದಿಟ್ಟ, ಸೊರೇನಸ್ ಬರೆದಿಟ್ಟ, ಎರುವಾರ್ ದಿನಚರಿ ಇಟ್ಟ, ಹೋಲ್ಟ್ ಕೈಪಿಡಿ ಮಾಡಿದ. ಎಲ್ಲರೂ ಗಂಡಸರು. ತಮ್ಮ ಕಾಲಮೇಲೆ ನೂರಾರು ಕೂಸುಗಳನ್ನು ಮಲಗಿಸಿಕೊಂಡು ನೀರೆರೆದ ನಮ್ಮ ಹೆಂಗಸರು ಒಂದು ಸಾಲೂ ಬರೆದಿಟ್ಟು ಹೋಗಲಿಲ್ಲ. ಮೈ ಒರಟಾದ ಕೂಸು ಕೈಗೆ ಬಂದಾಗ ಅವರು ಏನು ಬದಲಾಯಿಸುತ್ತಿದ್ದರು? ಹಿಟ್ಟು ಬಿಡುತ್ತಿದ್ದರಾ, ನೀರು ಆರಿಸುತ್ತಿದ್ದರಾ, ಒಂದೆರಡು ದಿನ ಎರೆಯುವುದನ್ನೇ ನಿಲ್ಲಿಸುತ್ತಿದ್ದರಾ? ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತೇ ಕೇಳಿ, ನಿಮ್ಮ ನಿಮ್ಮ ಪುಟಗಳಲ್ಲಿ ಬರೆದಿಡಿ. ನಿಮ್ಮ ಊರಿನ ಎಣ್ಣೆ ಯಾವುದು ಅನ್ನುವುದನ್ನೂ ಮರೆಯದೆ ಬರೆಯಿರಿ.